ಪ್ರಿಂಟರ್ ಆಫ್ ಮಾಡುವ ಮೊದಲು ಕ್ಯೂ ನೋಡಿ

ಹಾವೇರಿ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಕಾಲೇಜಿನ ಎದುರಿಗೆ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: "ಸರ್, ಅಂಗಡಿಯಲ್ಲಿ ಉಬುಂಟು ಹಾಕಿದ ಒಂದೇ ಕಂಪ್ಯೂಟರಿಗೆ ಎರಡು ಪ್ರಿಂಟರ್ ಇವೆ. ದೊಡ್ಡದು ನೆಟ್‌ವರ್ಕಿನಲ್ಲಿದೆ, ಚಿಕ್ಕದು ಯುಎಸ್‌ಬಿ. ಮೊನ್ನೆ ಒಬ್ಬ ಹುಡುಗನ 180 ಪುಟದ ಪ್ರಾಜೆಕ್ಟ್ ರಿಪೋರ್ಟ್ ನಡುವೆ ನಿಂತುಬಿಟ್ಟಿತು. ಹಿಂದೆ ಹನ್ನೊಂದು ಜನರ ಕೆಲಸ ಕಾಯುತ್ತಿತ್ತು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ ರಿಪೋರ್ಟ್ ಮೊದಲನೇ ಪುಟದಿಂದ ಶುರು. ಕೊನೆಗೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಫೋಲ್ಡರಿನೊಳಗಿನ ಫೈಲ್ ಅಳಿಸಿದೆ, ಆಮೇಲೆ ಪ್ರಿಂಟರೇ ಕಾಣಿಸಲಿಲ್ಲ. ಕಮಾಂಡ್ ಲೈನಿನಿಂದ ಇದನ್ನೆಲ್ಲ ಸರಿಯಾಗಿ ಮಾಡುವುದು ಹೇಗೆ?"

ಉತ್ತರ:

ನೀವು ಬರೆದದ್ದು ಓದಿ ನನಗೆ ಹಳೆಯ ಒಂದು ಮಧ್ಯಾಹ್ನ ನೆನಪಾಯಿತು. ಕ್ರಮಸಂಖ್ಯೆ ಮೊದಲೇ ಅಚ್ಚಾಗಿದ್ದ ಪ್ರಮಾಣಪತ್ರದ ಹಾಳೆಗಳ ಮೇಲೆ ಹೆಸರು ಪ್ರಿಂಟ್ ಮಾಡುತ್ತಿದ್ದೆ. 37ನೇ ಹಾಳೆಗೆ ಜಾಮ್ ಆಯಿತು. ಹಾಳೆ ಎಳೆದು ತೆಗೆದು, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ. ಕೆಲಸ ಮೊದಲ ಹೆಸರಿನಿಂದ ಮತ್ತೆ ಶುರುವಾಯಿತು. ನಾನು ಗಮನಿಸುವಷ್ಟರಲ್ಲಿ 38ನೇ ಸಂಖ್ಯೆಯ ಹಾಳೆಯಿಂದ ಮುಂದಕ್ಕೆ ಒಂದು ಕಟ್ಟು ಹಾಳಾಗಿತ್ತು. ಲೆಕ್ಕ ಇಟ್ಟ ಹಾಳೆಗಳು ಅವು, ಹೊಸದು ತರಿಸಲು ಪತ್ರ ಬರೆಯಬೇಕಾಯಿತು. ಅಂದಿನಿಂದ ಪ್ರಿಂಟರಿನ ಸ್ವಿಚ್ಚಿಗೆ ಕೈ ಹಾಕುವ ಮೊದಲು ಕ್ಯೂ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಆಫ್ ಮಾಡಿದರೂ ಕೆಲಸ ಯಾಕೆ ಹೋಗುವುದಿಲ್ಲ ಎಂದರೆ, ಅದು ಪ್ರಿಂಟರಿನಲ್ಲಿ ಇರುವುದೇ ಇಲ್ಲ. ನೀವು ಪ್ರಿಂಟ್ ಒತ್ತಿದ ಕೂಡಲೇ ಫೈಲಿನ ಒಂದು ಪ್ರತಿ ನಿಮ್ಮ ಕಂಪ್ಯೂಟರಿನ ಡಿಸ್ಕಿನಲ್ಲಿ, ಸ್ಪೂಲ್ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಅದನ್ನು ನೋಡಿಕೊಳ್ಳುವ ಕಾರ್ಯಕ್ರಮದ ಹೆಸರು ಕಪ್ಸ್. ಅದು ಫೈಲನ್ನು ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿ ಕಳಿಸುತ್ತದೆ, ಪೂರ್ತಿ ಹೋಯಿತು ಎಂದು ಖಾತ್ರಿಯಾಗುವವರೆಗೆ ಕೆಲಸವನ್ನು ಬಿಡುವುದಿಲ್ಲ. ನಡುವೆ ಪ್ರಿಂಟರ್ ಆರಿದರೆ, ಮತ್ತೆ ಬಂದಾಗ ಮೊದಲಿನಿಂದ ಕಳಿಸುತ್ತದೆ. ಹಾಗಾಗಿ ತೊಂದರೆ ಮೂರು ಜಾಗದಲ್ಲಿ ಇರಬಹುದು: ಆ ಒಂದು ಫೈಲಿನಲ್ಲಿ, ಕ್ಯೂನಲ್ಲಿ, ಅಥವಾ ಪ್ರಿಂಟರ್ ಮತ್ತು ಅದರ ತಂತಿಯಲ್ಲಿ. ಯಾವುದು ಎಂದು ಗೊತ್ತಾಗದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆ.

ಕಪ್ಸ್ 1999ರಲ್ಲಿ ಮೊದಲು ಹೊರಬಂತು, ಬರೆದವರು ಮೈಕಲ್ ಸ್ವೀಟ್. 2002ರಲ್ಲಿ ಆಪಲ್ ಅದನ್ನು ಮ್ಯಾಕ್‌ಗೆ ಹಾಕಿಕೊಂಡಿತು, 2007ರಲ್ಲಿ ಮೂಲ ಕೋಡನ್ನೇ ಕೊಂಡಿತು. ಈಗ ಲಿನಕ್ಸಿನ (ನಿಮ್ಮ ಉಬುಂಟು ಅದರದೇ ಒಂದು ಬಗೆ) ಕಪ್ಸ್ ಅನ್ನು ಓಪನ್‌ಪ್ರಿಂಟಿಂಗ್ ಬಳಗ ನೋಡಿಕೊಳ್ಳುತ್ತಿದೆ. ಇದನ್ನು ಹೇಳುವ ಕಾರಣ ಇಷ್ಟೇ: ಕೆಳಗಿನ ಕಮಾಂಡುಗಳಲ್ಲಿ ಹೆಚ್ಚಿನವು ಮ್ಯಾಕ್‌ನಲ್ಲೂ ಹೀಗೇ ನಡೆಯುತ್ತವೆ, ಒಮ್ಮೆ ಕಲಿತರೆ ಮತ್ತೆ ಕಲಿಯಬೇಕಿಲ್ಲ.

ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಎಲ್‌ಪಿ ಎಂದರೆ ಎಲ್ ಮತ್ತು ಪಿ, ಎರಡೇ ಅಕ್ಷರ. ಅದರ ಮುಂದೆ ಬರುವ ಸ್ಟ್ಯಾಟ್, ಮೂವ್, ಅಡ್ಮಿನ್ ಎಲ್ಲ ಜಾಗ ಬಿಡದೆ ಅಂಟಿಸಿ ಬರೆಯಬೇಕು. ಪ್ರಿಂಟರುಗಳಿಗೆ ದೊಡ್ಡ, ಚಿಕ್ಕ ಎಂದೇ ಹೆಸರಿಟ್ಟುಕೊಂಡಿದ್ದೀರಿ ಎಂದುಕೊಳ್ಳೋಣ. ಕಂಪನಿಯ ಉದ್ದುದ್ದ ಮಾಡೆಲ್ ಹೆಸರಿಗಿಂತ ಇದು ಬೆರಳಿಗೆ ಹಗುರ.

ಮೊದಲ ಕಮಾಂಡ್ ನೋಡುವುದಕ್ಕೆ:

ಎಲ್‌ಪಿಸ್ಟ್ಯಾಟ್ -ಟಿ

ಇದು ಏನನ್ನೂ ಬದಲಿಸುವುದಿಲ್ಲ, ಭಯವಿಲ್ಲದೆ ಎಷ್ಟು ಸಲ ಬೇಕಾದರೂ ಹೊಡೆಯಿರಿ. ಕಪ್ಸ್ ಓಡುತ್ತಿದೆಯೇ, ಯಾವ ಪ್ರಿಂಟರ್ ಯಾವ ವಿಳಾಸದಲ್ಲಿದೆ, ಯಾವುದು ಎನೇಬಲ್ಡ್, ಯಾವುದು ಡಿಸೇಬಲ್ಡ್, ಯಾವ ಕೆಲಸಗಳು ಸಾಲಿನಲ್ಲಿವೆ, ಎಲ್ಲ ಒಂದೇ ಪರದೆಯಲ್ಲಿ ಬರುತ್ತದೆ. ಕೊನೆಯಲ್ಲಿ ಬರುವ ಕೆಲಸಗಳ ಸಾಲನ್ನು ನಿಧಾನವಾಗಿ ಓದಿ. "ದೊಡ್ಡ-142" ಎಂದು ಶುರುವಾಗಿ, ಕಳಿಸಿದವರ ಹೆಸರು, ಆಮೇಲೆ ಒಂದು ದೊಡ್ಡ ಸಂಖ್ಯೆ, ಆಮೇಲೆ ತಾರೀಖು ಇರುತ್ತದೆ. 142 ಎಂಬುದು ಜಾಬ್ ನಂಬರ್. ದೊಡ್ಡ ಸಂಖ್ಯೆ ಎಂದರೆ ಫೈಲಿನ ತೂಕ, ಬೈಟ್‌ಗಳಲ್ಲಿ. ಅಲ್ಲಿ 54525952 ಎಂದಿದ್ದರೆ ಅದು 52 ಎಂಬಿ. ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೆಲ್ಲ ತುಂಬಿದ ರಿಪೋರ್ಟ್ ಹೀಗೇ ಇರುತ್ತದೆ. ಅಂಥ ಫೈಲ್ ಎಷ್ಟೋ ಸಲ ನಿಂತೇ ಇರುವುದಿಲ್ಲ. ಪುಟಗಳನ್ನು ಪ್ರಿಂಟರಿನ ಭಾಷೆಗೆ ತಿರುಗಿಸಲು ಕಂಪ್ಯೂಟರ್ ಬೆವರು ಸುರಿಸುತ್ತಿರುತ್ತದೆ. ಟಾಪ್ ಎಂಬ ಕಮಾಂಡ್ ಹೊಡೆದು ನೋಡಿ. ಮೇಲುಗಡೆ ಜಿಎಸ್ (ಪುಟ ತಿರುಗಿಸುವ ಘೋಸ್ಟ್‌ಸ್ಕ್ರಿಪ್ಟ್ ಕಾರ್ಯಕ್ರಮ) ಎಂಬ ಹೆಸರು ಪ್ರೊಸೆಸರನ್ನು ತಿನ್ನುತ್ತ ಕೂತಿದ್ದರೆ, ಕೆಲಸ ನಡೆಯುತ್ತಿದೆ ಎಂದರ್ಥ. ಒಂದು ಟೀ ಕುಡಿಯುವಷ್ಟು ಹೊತ್ತು ಬಿಡಿ.

ನಿಜಕ್ಕೂ ನಿಂತಿದ್ದರೆ, ಹಿಂದೆ ಕಾಯುತ್ತಿರುವ ಹನ್ನೊಂದು ಜನ ಮೊದಲು ನಿಮ್ಮ ಕಣ್ಣಿಗೆ ಕಾಣಬೇಕು. ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಇಷ್ಟದ ಕಮಾಂಡ್ ಇದು:

ಎಲ್‌ಪಿಮೂವ್ ದೊಡ್ಡ-143 ಚಿಕ್ಕ

ದೊಡ್ಡ ಪ್ರಿಂಟರಿನ ಸಾಲಿನಲ್ಲಿದ್ದ 143ನೇ ಕೆಲಸ ಚಿಕ್ಕದಕ್ಕೆ ಹೋಯಿತು. ಗ್ರಾಹಕರು ಮತ್ತೆ ಪೆನ್‌ಡ್ರೈವ್ ಕೊಡಬೇಕಿಲ್ಲ, ನೀವು ಮತ್ತೆ ಫೈಲ್ ತೆರೆಯಬೇಕಿಲ್ಲ. ಎಲ್ಲವನ್ನೂ ಸಾಗಿಸಬೇಕಾದರೆ ನಂಬರ್ ಬಿಟ್ಟು "ಎಲ್‌ಪಿಮೂವ್ ದೊಡ್ಡ ಚಿಕ್ಕ" ಅಂದರೆ ಸಾಕು. ಆದರೆ ಆಗ ಕೆಟ್ಟ 142 ಕೂಡ ಹೊರಟು ಚಿಕ್ಕದನ್ನೂ ಕೆಡಿಸೀತು, ಅದನ್ನು ಮೊದಲು ತೆಗೆಯಿರಿ:

ಕ್ಯಾನ್ಸಲ್ ದೊಡ್ಡ-142

ಕ್ಯಾನ್ಸಲ್ ಹೊಡೆದ ಮೇಲೂ ಎರಡು ಮೂರು ಪುಟ ಬರುತ್ತದೆ, ಗಾಬರಿಯಾಗಬೇಡಿ. ಅವು ಆಗಲೇ ಪ್ರಿಂಟರಿನ ಸ್ವಂತ ಮೆಮೊರಿಗೆ ಸೇರಿದ ಪುಟಗಳು. ಅವನ್ನು ತಡೆಯಲು ಪ್ರಿಂಟರಿನ ಮೇಲಿರುವ ಕೆಂಪು ಬಟನ್ ಒತ್ತಬೇಕು. "ಕ್ಯಾನ್ಸಲ್ -ಎ ದೊಡ್ಡ" ಎಂದರೆ ಆ ಪ್ರಿಂಟರಿನ ಎಲ್ಲ ಕೆಲಸ ರದ್ದು. ಅಂಗಡಿ ತುಂಬ ಜನ ಇರುವಾಗ ಅದನ್ನು ಹೊಡೆಯಬೇಡಿ.

ಇನ್ನು 180 ಪುಟದ ರಿಪೋರ್ಟ್. ಟ್ರೇಯಲ್ಲಿ ಬಂದ ಕೊನೆಯ ಹಾಳೆ ನೋಡಿ, 64ನೇ ಪುಟ ಸರಿಯಾಗಿ ಬಂದಿದೆ ಎನ್ನಿ. ಆಗ ಉಳಿದದ್ದನ್ನು ಮಾತ್ರ ಕಳಿಸಿ:

ಎಲ್‌ಪಿ -ಡಿ ದೊಡ್ಡ -ಪಿ 65-180 ರಿಪೋರ್ಟ್.ಪಿಡಿಎಫ್

ಇಲ್ಲಿ -ಪಿ ದೊಡ್ಡಕ್ಷರ, -ಡಿ ಸಣ್ಣಕ್ಷರ. ಪುಟದ ಸಂಖ್ಯೆ ಹಾಳೆಯ ಮೇಲೆ ಅಚ್ಚಾದದ್ದಲ್ಲ, ಫೈಲಿನ ಮೊದಲ ಪುಟದಿಂದ ಎಣಿಸಿದ್ದು. ಮುಖಪುಟ, ಪ್ರಮಾಣಪತ್ರ, ಪರಿವಿಡಿ ಸೇರಿ ರಿಪೋರ್ಟುಗಳಲ್ಲಿ ಐದಾರು ಪುಟದ ವ್ಯತ್ಯಾಸ ಇದ್ದೇ ಇರುತ್ತದೆ. ಎರಡೂ ಬದಿ ಪ್ರಿಂಟ್ ಆಗುತ್ತಿದ್ದರೆ ಬೆಸ ಸಂಖ್ಯೆಯಿಂದಲೇ ಶುರು ಮಾಡಿ, ಇಲ್ಲದಿದ್ದರೆ ಮುಂದಿನ ಹಾಳೆಗಳೆಲ್ಲ ಮುಂದು ಹಿಂದಾಗುತ್ತವೆ.

ಈಗ ನಿಮ್ಮ ಪ್ರಶ್ನೆಯ ಬೇರಿಗೆ ಬರುತ್ತೇನೆ. ಎಲ್‌ಪಿಸ್ಟ್ಯಾಟ್‌ನಲ್ಲಿ "ದೊಡ್ಡ ಡಿಸೇಬಲ್ಡ್" ಎಂದು ಬಂದರೆ, ಪ್ರಿಂಟರ್ ಕೆಟ್ಟಿದೆ ಎಂದಲ್ಲ. ಯಾವಾಗಲೋ ಕಳಿಸುವಾಗ ಒಂದು ತಪ್ಪಾಯಿತು, ಕಪ್ಸ್ ಆ ಕ್ಯೂಗೆ ತಡೆ ಹಾಕಿತು, ಅಷ್ಟೇ. ಆಮೇಲೆ ನೀವು ತಂತಿ ಸರಿ ಮಾಡಿದರೂ, ಹಾಳೆ ತುಂಬಿದರೂ, ತಡೆ ತಾನಾಗಿ ಹೋಗುವುದಿಲ್ಲ. ಎಷ್ಟು ಅಂಗಡಿಗಳಲ್ಲಿ, ಎಷ್ಟು ಕಚೇರಿಗಳಲ್ಲಿ ಈ ಒಂದೇ ಕಾರಣಕ್ಕೆ ಚೆನ್ನಾಗಿರುವ ಪ್ರಿಂಟರ್ ರಿಪೇರಿಗೆ ಹೋದದ್ದನ್ನು ಕಂಡಿದ್ದೇನೆ! ತಡೆ ತೆಗೆಯುವುದು ಒಂದೇ ಸಾಲು (ಮೊದಲಿಗಿರುವ ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ನಡೆಸು ಎಂದು):

ಸುಡೊ ಕಪ್ಸ್‌ಎನೇಬಲ್ ದೊಡ್ಡ

ಹೀಗೆ ತಡೆ ಬೀಳುವುದನ್ನೇ ತಪ್ಪಿಸಲೂ ಬರುತ್ತದೆ. ತಪ್ಪಾದಾಗ ಏನು ಮಾಡಬೇಕು ಎಂಬುದನ್ನು ಪ್ರತಿ ಪ್ರಿಂಟರಿಗೆ ಬೇರೆ ಬೇರೆಯಾಗಿ ಹೇಳಿಡಬಹುದು. ಕಪ್ಸ್ ತನ್ನ ಮಟ್ಟಿಗೆ ಬರುವುದು ಸ್ಟಾಪ್-ಪ್ರಿಂಟರ್ ಎಂಬ ನಿಯಮದೊಂದಿಗೆ, ಅಂದರೆ ತಪ್ಪಾದರೆ ಕ್ಯೂ ನಿಲ್ಲಿಸು. ಅಬಾರ್ಟ್-ಜಾಬ್ ಎಂದರೆ ಆ ಕೆಲಸ ಬಿಸಾಕಿ ಮುಂದಿನದಕ್ಕೆ ಹೋಗು. ರೀಟ್ರೈ-ಜಾಬ್ ಎಂದರೆ ಆ ಕೆಲಸವನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡು. ಅಂಗಡಿಗೆ ನನ್ನ ಸಲಹೆ ಮೂರನೆಯದು. ಅಬಾರ್ಟ್ ಹಾಕಿದರೆ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ. ಗ್ರಾಹಕರು ಕಾಯುತ್ತ ನಿಂತಿರುತ್ತಾರೆ, ನಿಮಗೆ ತಿಳಿದಿರುವುದಿಲ್ಲ.

ಸುಡೊ ಎಲ್‌ಪಿಅಡ್ಮಿನ್ -ಪಿ ದೊಡ್ಡ -ಓ ಪ್ರಿಂಟರ್-ಎರರ್-ಪಾಲಿಸಿ=ರೀಟ್ರೈ-ಜಾಬ್

(ಇಲ್ಲಿ -ಪಿ ಸಣ್ಣಕ್ಷರ. ಎಲ್‌ಪಿಯಲ್ಲಿ ದೊಡ್ಡ ಪಿ ಪುಟಕ್ಕೆ, ಎಲ್‌ಪಿಅಡ್ಮಿನ್‌ನಲ್ಲಿ ಸಣ್ಣ ಪಿ ಪ್ರಿಂಟರಿಗೆ. ಇದು ಎಲ್ಲರಿಗೂ ಒಮ್ಮೆಯಾದರೂ ಗಲಿಬಿಲಿಯಾಗುತ್ತದೆ.)

ಟೋನರ್ ಬದಲಿಸುವಾಗ ನೀವೇ ಬೇಕೆಂದು ಕ್ಯೂ ನಿಲ್ಲಿಸಲೂಬಹುದು. "ಸುಡೊ ಕಪ್ಸ್‌ಡಿಸೇಬಲ್ ದೊಡ್ಡ" ಎಂದರೆ ಆಗ ನಡೆಯುತ್ತಿರುವ ಕೆಲಸವೂ ಅಲ್ಲೇ ನಿಂತು, ಆಮೇಲೆ ಮೊದಲಿನಿಂದ ಶುರುವಾಗುತ್ತದೆ. ಅದರ ಬದಲು --ಹೋಲ್ಡ್ ಸೇರಿಸಿದರೆ ಕೈಯಲ್ಲಿರುವುದನ್ನು ಮುಗಿಸಿ ಉಳಿದವನ್ನು ತಡೆದಿಡುತ್ತದೆ. ಟೋನರ್ ಹಾಕಿದ ಮೇಲೆ ಕಪ್ಸ್‌ಎನೇಬಲ್‌ಗೆ --ರಿಲೀಸ್ ಸೇರಿಸಿ ಬಿಡುಗಡೆ ಮಾಡಿ. ಇದೇ ಬಳಗದ ಕಪ್ಸ್‌ರಿಜೆಕ್ಟ್ ಬೇರೆ ಕೆಲಸದ್ದು: ಅದು ಪ್ರಿಂಟ್ ಆಗುವುದನ್ನಲ್ಲ, ಹೊಸ ಕೆಲಸ ಸಾಲಿಗೆ ಸೇರುವುದನ್ನು ತಡೆಯುತ್ತದೆ. ಬಾಗಿಲು ಹಾಕುವ ಹೊತ್ತಿಗೆ "ಇನ್ನು ತಗೊಳ್ಳಲ್ಲ, ಇರೋದನ್ನ ಮುಗಿಸ್ತೀವಿ" ಅನ್ನುತ್ತೇವಲ್ಲ, ಹಾಗೆ. ಮರುದಿನ ಕಪ್ಸ್‌ಆಕ್ಸೆಪ್ಟ್ ಹೊಡೆಯಿರಿ.

ಕಂಪ್ಯೂಟರ್ ರೀಸ್ಟಾರ್ಟ್ ಆದ ಮೇಲೆ ಪ್ರಿಂಟರೇ ಕಾಣಿಸಲಿಲ್ಲ ಎಂದಿರಿ. ದೂರದಿಂದ ನೋಡಿದರೆ ಎರಡು ಅನುಮಾನ ಬರುತ್ತದೆ. ಮೊದಲನೆಯದು ಫೋಲ್ಡರಿನ ಫೈಲ್ ಕೈಯಾರೆ ಅಳಿಸಿದ್ದು. ಕಪ್ಸ್ ಓಡುತ್ತಿರುವಾಗ ಸ್ಪೂಲಿನೊಳಗೆ ಕೈ ಹಾಕಿದರೆ ಅದರ ಲೆಕ್ಕದ ಪುಸ್ತಕಕ್ಕೂ ಡಿಸ್ಕಿನಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಕ್ಯಾನ್ಸಲ್ ಇರುವುದೇ ಇದಕ್ಕಾಗಿ, ಫೈಲ್ ಅಳಿಸುವ ಅಗತ್ಯವೇ ಇಲ್ಲ. ಎರಡನೆಯ ಅನುಮಾನವೇ ಗಟ್ಟಿ: ಪ್ರಿಂಟರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್, ಬದಲಾಗಿರುತ್ತದೆ. ಕರೆಂಟ್ ಹೋಗಿ ಬಂದಾಗ, ಪ್ರಿಂಟರ್ ಆಫ್ ಆಗಿ ಆನ್ ಆದಾಗ, ರೌಟರ್ ಹೊಸ ವಿಳಾಸ ಕೊಟ್ಟುಬಿಡಬಹುದು. ಕಪ್ಸ್ ಹಳೇ ಮನೆಯ ಬಾಗಿಲು ತಟ್ಟುತ್ತ ನಿಂತಿರುತ್ತದೆ. "ಎಲ್‌ಪಿಸ್ಟ್ಯಾಟ್ -ವಿ" ಹೊಡೆದರೆ ಕಪ್ಸ್ ನಂಬಿರುವ ವಿಳಾಸ ಕಾಣುತ್ತದೆ. ಪ್ರಿಂಟರಿನ ಪರದೆಯ ನೆಟ್‌ವರ್ಕ್ ಮೆನುವಿನಲ್ಲಿ ಈಗಿನ ನಿಜವಾದ ವಿಳಾಸ ಇರುತ್ತದೆ. ಎರಡೂ ಬೇರೆಯಾಗಿದ್ದರೆ ಹೊಸದನ್ನು ಹೇಳಿ:

ಸುಡೊ ಎಲ್‌ಪಿಅಡ್ಮಿನ್ -ಪಿ ದೊಡ್ಡ -ವಿ ಸಾಕೆಟ್://192.168.1.40:9100

(ಹಳೆಯ ವಿಳಾಸ ಐಪಿಪಿ ಎಂದು ಶುರುವಾಗಿದ್ದರೆ ಅದನ್ನೇ ಉಳಿಸಿ, ನಡುವಿನ ಅಂಕಿ ಮಾತ್ರ ಬದಲಿಸಿ.) ಆಮೇಲೆ ರೌಟರಿನ ಸೆಟ್ಟಿಂಗಿಗೆ ಹೋಗಿ ಆ ವಿಳಾಸವನ್ನು ಪ್ರಿಂಟರಿಗೇ ಕಾಯಂ ಮಾಡಿಸಿ. ಹತ್ತು ನಿಮಿಷದ ಕೆಲಸ. ನೆಟ್‌ವರ್ಕ್ ಪ್ರಿಂಟರ್ ಇರುವ ಯಾವ ಅಂಗಡಿಗೆ ಹೋದರೂ ನಾನು ಮೊದಲು ಮಾಡಿಸುವುದು ಇದನ್ನೇ.

ಹೊಸದಾಗಿ ಪ್ರಿಂಟರ್ ಸೇರಿಸುವ ಸಂದರ್ಭ ಬಂದರೆ ಒಂದು ಸೂಕ್ಷ್ಮ ಇದೆ. ಈಚಿನ ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಡ್ರೈವರ್ ಬೇಡ, ಎಲ್‌ಪಿಅಡ್ಮಿನ್‌ಗೆ "-ಎಮ್ ಎವ್ರಿವೇರ್" ಎಂದರೆ ಸಾಕು. ಜೊತೆಗೆ ದೊಡ್ಡಕ್ಷರದ -ಇ ಹಾಕುತ್ತೇವೆ. ಅದು "-ಪಿ ದೊಡ್ಡ" ಆದ ಮೇಲೆ ಬಂದರೆ ಪ್ರಿಂಟರನ್ನು ಎನೇಬಲ್ ಮಾಡು ಎಂದರ್ಥ. ಮೊದಲೇ ಬಂದರೆ ಸಂಪರ್ಕವನ್ನು ಗುಪ್ತಲಿಪಿಯಲ್ಲಿ ನಡೆಸು ಎಂದು ಬೇರೆಯೇ ಅರ್ಥ. ಪ್ರಿಂಟರ್ ಸೇರುತ್ತದೆ, ಆದರೆ ಡಿಸೇಬಲ್ ಆಗಿಯೇ ಉಳಿಯುತ್ತದೆ.

ಕಾರಣ ಹೊಳೆಯದಿದ್ದರೆ ಲಾಗ್, ಅಂದರೆ ಕಪ್ಸ್ ಬರೆದಿಡುವ ದಿನಚರಿ, ಓದಿ:

ಸುಡೊ ಟೇಲ್ -ಎಫ್ /ವಾರ್/ಲಾಗ್/ಕಪ್ಸ್/ಎರರ್_ಲಾಗ್

ಸಾಲಿನ ಮೊದಲಕ್ಷರ ಇ ಆಗಿದ್ದರೆ ತಪ್ಪು, ಡಬ್ಲ್ಯೂ ಆಗಿದ್ದರೆ ಎಚ್ಚರಿಕೆ. ಚೌಕ ಆವರಣದೊಳಗೆ ಜಾಬ್ ನಂಬರ್ ಇರುತ್ತದೆ, 142 ಇರುವ ಸಾಲುಗಳನ್ನೇ ಹಿಡಿದು ಓದಿ. ಅಲ್ಲಿ ಏನೂ ಸಿಗದಿದ್ದರೆ "ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್" ಹೊಡೆದು ಒಮ್ಮೆ ಪ್ರಿಂಟ್ ಕೊಡಿ, ಎಲ್ಲ ಹೊಟ್ಟೆಯೊಳಗಿನ ಮಾತು ಬರುತ್ತದೆ. ಕೆಲಸ ಮುಗಿದ ಮೇಲೆ "--ನೋ-ಡೀಬಗ್-ಲಾಗಿಂಗ್" ಹೊಡೆಯುವುದನ್ನು ಮರೆಯಬೇಡಿ, ಲಾಗ್ ಬಹಳ ಬೇಗ ಉಬ್ಬುತ್ತದೆ.

ಕನ್ನಡದ ಫೈಲುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬರೀ ಟೆಕ್ಸ್ಟ್ ಫೈಲನ್ನು ನೇರವಾಗಿ ಎಲ್‌ಪಿಗೆ ಕೊಟ್ಟರೆ ಇಂಗ್ಲಿಷ್ ಬರುತ್ತದೆ, ಕನ್ನಡ ಬಂದರೆ ಒತ್ತಕ್ಷರ ಕಳಚಿಕೊಂಡು ಬರುತ್ತದೆ ಅಥವಾ ಬರೀ ಡಬ್ಬಿ ಬರುತ್ತದೆ. ಅಕ್ಷರ ಜೋಡಿಸುವ ಕೆಲಸವನ್ನು ಕಪ್ಸ್‌ನ ಆ ಭಾಗ ಮಾಡುವುದಿಲ್ಲ. ಲಿಬ್ರೆಆಫೀಸಿನಲ್ಲಿ ಪಿಡಿಎಫ್ ಮಾಡಿ ಆಮೇಲೆ ಕಳಿಸಿ. ಗ್ರಾಹಕರು ತಂದ ಪಿಡಿಎಫ್ ಪರದೆಯಲ್ಲಿ ಗೋಜಲಾಗಿ ಕಂಡರೆ ಪ್ರಿಂಟ್ ಕೊಡುವ ಮೊದಲು ಇದನ್ನು ನೋಡಿ:

ಪಿಡಿಎಫ್‌ಫಾಂಟ್ಸ್ ಅರ್ಜಿ.ಪಿಡಿಎಫ್

ಫಾಂಟುಗಳ ಪಟ್ಟಿ ಬರುತ್ತದೆ, ಅದರಲ್ಲಿ ಇ-ಎಮ್-ಬಿ ಎಂಬ ಮೂರಕ್ಷರದ ಕಾಲಂ ಇದೆ. ಅಲ್ಲಿ ಯೆಸ್ ಇದ್ದರೆ ಫಾಂಟ್ ಫೈಲಿನೊಳಗೇ ಸೇರಿದೆ. ನೋ ಇದ್ದರೆ ಸೇರಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿಗೆ ನೋ ಬಂದರೆ, ಆ ಫಾಂಟ್ ನಿಮ್ಮಲ್ಲಿ ಇಲ್ಲದಿದ್ದಾಗ ಹಾಳೆಯ ಮೇಲೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಬೀಳುತ್ತದೆ. ನಿಮ್ಮ ಪ್ರಿಂಟರಿನ ತಪ್ಪು ಅದರಲ್ಲಿ ಏನೂ ಇಲ್ಲ. ಫೈಲ್ ಮಾಡಿದವರಲ್ಲಿಗೇ ಕಳಿಸಿ, ಫಾಂಟ್ ಸೇರಿಸಿದ ಪಿಡಿಎಫ್ ತರಿಸಿ. ನೂರು ಹಾಳೆ ಉಳಿಯುತ್ತದೆ.

ದೊಡ್ಡ ಕೆಲಸಗಳನ್ನು ಜನ ಕಡಿಮೆಯಾದ ಮೇಲೆ ಇಟ್ಟುಕೊಳ್ಳುವುದಾದರೆ ಎಲ್‌ಪಿಗೆ ದೊಡ್ಡಕ್ಷರದ -ಎಚ್ ಕೊಟ್ಟು ಸಮಯ ಹೇಳಬಹುದು. ಆದರೆ ಆ ಸಮಯ ನಮ್ಮದಲ್ಲ, ಯುಟಿಸಿ ಎಂಬ ಜಾಗತಿಕ ಸಮಯ. ನಮಗಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 8ಕ್ಕೆ ಪ್ರಿಂಟ್ ಆಗಬೇಕಾದರೆ "-ಎಚ್ 14:30" ಎಂದು ಬರೆಯಬೇಕು. 20:00 ಎಂದು ಬರೆದರೆ ನಡುರಾತ್ರಿ ಒಂದೂವರೆಗೆ, ಬೀಗ ಹಾಕಿದ ಅಂಗಡಿಯಲ್ಲಿ ಪ್ರಿಂಟರ್ ಓಡಲು ಶುರು ಮಾಡುತ್ತದೆ. ಈ ಗೊಂದಲವೇ ಬೇಡ ಎನ್ನುವವರು "-ಎಚ್ ಹೋಲ್ಡ್" ಎಂದು ತಡೆದಿಟ್ಟು, ಬೇಕಾದಾಗ "ಎಲ್‌ಪಿ -ಐ 150 -ಎಚ್ ರೆಸ್ಯೂಮ್" ಎಂದು ಬಿಡಬಹುದು. ಸಾಲಿನಲ್ಲಿರುವ ಒಂದು ಕೆಲಸ ತುರ್ತಾಗಿದ್ದರೆ "ಎಲ್‌ಪಿ -ಐ 151 -ಕ್ಯೂ 100". ಆದ್ಯತೆ 1ರಿಂದ 100ರವರೆಗೆ, ಸಾಮಾನ್ಯವಾಗಿ ಎಲ್ಲದಕ್ಕೂ 50 ಇರುತ್ತದೆ. ಬಸ್ಸಿಗೆ ಹೊತ್ತಾದ ಅಜ್ಜಿಯ ಒಂದು ಪುಟದ ಪಹಣಿ 180 ಪುಟದ ರಿಪೋರ್ಟಿನ ಹಿಂದೆ ಕಾಯಬಾರದು.

ಕೊನೆಯದಾಗಿ ಒಂದು ವಿಷಯ, ನನಗೆ ಇದು ಮೇಲಿನ ಎಲ್ಲಕ್ಕಿಂತ ಮುಖ್ಯ. ನಿಮ್ಮ ಅಂಗಡಿಯಲ್ಲಿ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಚೀಟಿ ಎಲ್ಲ ಪ್ರಿಂಟ್ ಆಗುತ್ತವೆ. ಪ್ರಿಂಟ್ ಮುಗಿದ ಕೂಡಲೇ ಆ ಪ್ರತಿ ಅಳಿಯುತ್ತದೆ ಎಂದುಕೊಂಡಿದ್ದರೆ, ಇಲ್ಲ. ಬೇಕಾದರೆ ಮತ್ತೆ ಪ್ರಿಂಟ್ ತೆಗೆಯಲಿ ಎಂದು ಕಪ್ಸ್ ಆ ಫೈಲುಗಳನ್ನು 86400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ ಸ್ಪೂಲಿನಲ್ಲಿ ಇಟ್ಟುಕೊಂಡಿರುತ್ತದೆ. ಜನ ಪೆನ್‌ಡ್ರೈವ್ ಕಿತ್ತುಕೊಂಡು, ಡೆಸ್ಕ್‌ಟಾಪಿನ ಫೈಲ್ ಅಳಿಸಲು ಹೇಳಿ, ನೆಮ್ಮದಿಯಿಂದ ಹೋಗುತ್ತಾರೆ. ಪ್ರತಿ ಮಾತ್ರ ನಿಮ್ಮಲ್ಲೇ ಇರುತ್ತದೆ. ಇದನ್ನು ಹೀಗೆ ನಿಲ್ಲಿಸಬಹುದು:

ಸುಡೊ ಕಪ್ಸ್‌ಸಿಟಿಎಲ್ ಪ್ರಿಸರ್ವ್‌ಜಾಬ್‌ಫೈಲ್ಸ್=ನೋ

ಇದರಲ್ಲಿ ಪ್ರಿಸರ್ವ್, ಜಾಬ್, ಫೈಲ್ಸ್ ಮೂರರ ಮೊದಲಕ್ಷರವೂ ನೋ ಎಂಬುದರ ಮೊದಲಕ್ಷರವೂ ದೊಡ್ಡದು. ಇದಾದ ಮೇಲೆ, ಮುಗಿದ ಕೆಲಸವನ್ನು ಮತ್ತೆ ಪ್ರಿಂಟ್ ಮಾಡು ಎನ್ನಲು ಆಗುವುದಿಲ್ಲ, ಗ್ರಾಹಕರ ಮೂಲ ಫೈಲೇ ಬೇಕು. ಅಷ್ಟು ಬಿಗಿ ಕಷ್ಟ ಅನ್ನಿಸಿದರೆ ನೋ ಬದಲು 600 ಎಂದು ಬರೆಯಿರಿ, ಹತ್ತು ನಿಮಿಷ ಉಳಿದು ಆಮೇಲೆ ಹೋಗುತ್ತದೆ. ಈವರೆಗೆ ಕೂಡಿದ್ದನ್ನು ಅಳಿಸಲು ಸಾಲಿನಲ್ಲಿ ಯಾವ ಕೆಲಸವೂ ಇಲ್ಲದ ಹೊತ್ತು ನೋಡಿ "ಸುಡೊ ಕ್ಯಾನ್ಸಲ್ -ಎ -ಎಕ್ಸ್" ಹೊಡೆಯಿರಿ.

ಇದೇ ಕೈಯಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಸೇವೆಯನ್ನೂ ನಿಲ್ಲಿಸಿ. ನೆಟ್‌ವರ್ಕಿನಲ್ಲಿ ಪ್ರಿಂಟರ್ ಹುಡುಕಿ ತಾನೇ ಸೇರಿಸುವುದು ಅದರ ಕೆಲಸ. 2024ರ ಸೆಪ್ಟೆಂಬರಿನಲ್ಲಿ ಅದರ ದೊಡ್ಡ ಲೋಪ ಬಯಲಾಯಿತು: 631ನೇ ಪೋರ್ಟಿಗೆ ಹೊರಗಿನವರು ಸಂದೇಶ ಕಳಿಸಿ ಸುಳ್ಳು ಪ್ರಿಂಟರ್ ಸೇರಿಸಬಹುದಿತ್ತು, ಅದಕ್ಕೆ ಪ್ರಿಂಟ್ ಕೊಟ್ಟರೆ ಅವರ ಕಮಾಂಡ್ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಅದನ್ನು ಸರಿಪಡಿಸಿದ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳಿ. ಎರಡೂ ಪ್ರಿಂಟರನ್ನು ಎಲ್‌ಪಿಅಡ್ಮಿನ್‌ನಿಂದ ನೀವೇ ಸೇರಿಸಿಕೊಂಡ ಮೇಲೆ ಆ ಸೇವೆಯೇ ನಿಮಗೆ ಬೇಕಿಲ್ಲ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಕಪ್ಸ್-ಬ್ರೌಸ್ಡ್

ಇಷ್ಟಾದ ಮೇಲೆ ಒಂದು ಪುಟ ಪ್ರಿಂಟ್ ಕೊಟ್ಟು, ಅದು ಬಂದ ಮೇಲೆ "ಸುಡೊ ಎಲ್‌ಎಸ್ /ವಾರ್/ಸ್ಪೂಲ್/ಕಪ್ಸ್" ಎಂದು ನೋಡಿ. ಅಲ್ಲಿ ಸಿ ಅಕ್ಷರದಿಂದ ಶುರುವಾಗುವ ಹೆಸರುಗಳು ಇರುತ್ತವೆ, ಅವು ಬರೀ ಲೆಕ್ಕದ ಚೀಟಿ. ಡಿ ಅಕ್ಷರದಿಂದ ಶುರುವಾಗುವವೇ ಗ್ರಾಹಕರ ಫೈಲುಗಳು. ನೋ ಹಾಕಿದ್ದರೆ ಅಂಥದ್ದು ಒಂದೂ ಉಳಿದಿರಬಾರದು. ಉಳಿದಿದ್ದರೆ ಎಲ್‌ಪಿಸ್ಟ್ಯಾಟ್ -ಟಿ ತೋರಿಸಿದ್ದನ್ನು ಹಾಗೇ ನಕಲು ಮಾಡಿ ನನಗೆ ಬರೆಯಿರಿ, ಸೇರಿಯೇ ನೋಡೋಣ.